ಬೋಣಿಯ ಹೊತ್ತು

"ಬುದ್ಧೀ, ಒಬ್ಬರನ್ನು ಕೂತ ಜಾಗದಿಂದ ಎಬ್ಬಿಸಿ, ಅದಕ್ಕಿಂತ ಒಳ್ಳೆಯ ಜಾಗದಲ್ಲಿ ಕೂರಿಸಿದರೆ ಅದು ತಪ್ಪೇ?" ಎಂದು ಪಂಚಾಕ್ಷರಿ ಗುರುಗಳನ್ನು ಕೇಳಿದ.

ಪಂಚಾಕ್ಷರಿ ಮಠದ ಹಳೆಯ ಶಿಷ್ಯ. ಮಠದಲ್ಲೇ ಉಂಡು ಓದಿದವನು. ಈಗ ಪಕ್ಕದ ಪಟ್ಟಣದ ಪುರಸಭೆಗೆ ಮುಖ್ಯಾಧಿಕಾರಿಯಾಗಿ ಬಂದಿದ್ದ. ಪೇಟೆಬೀದಿಯಲ್ಲಿ ನೆಲದ ಮೇಲೆ ಕೂತು ಮಾರುತ್ತಿದ್ದವರನ್ನೆಲ್ಲ ಎಬ್ಬಿಸಿ, ಊರ ಹೊರಗೆ ಹೊಸದಾಗಿ ಕಟ್ಟಿಸಿದ ಮಾರುಕಟ್ಟೆಗೆ ಕಳುಹಿಸಿದ್ದ. ಯಾರಿಗೂ ಲಾಠಿ ತಾಗಿರಲಿಲ್ಲ. ಯಾರನ್ನೂ ಬಾಡಿಗೆ ಕೇಳಿರಲಿಲ್ಲ. ತಲೆಯ ಮೇಲೆ ಸೂರು, ಕೂರಲು ಸಿಮೆಂಟಿನ ಕಟ್ಟೆ, ಕುಡಿಯಲು ನಲ್ಲಿ ನೀರು ಎಲ್ಲವನ್ನೂ ಒದಗಿಸಿದ್ದ. ಆಮೇಲೆ ತಾನೇ ಹೋಗಿ ಮಾತನಾಡಿಸಿಯೂ ಬಂದಿದ್ದ. ಎಲ್ಲರೂ ಚೆನ್ನಾಗಿದೆ ಎಂದೇ ಹೇಳಿದ್ದರು. ಆದರೂ ಊರಿನಲ್ಲಿ ಕೆಲವರು ತನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ, ಬಡವರ ಹೊಟ್ಟೆಯ ಮೇಲೆ ಹೊಡೆದ ಎನ್ನುತ್ತಾರೆ, ತಾನು ಮಾಡಿದ ಕೆಡುಕು ಏನೆಂದೇ ತಿಳಿಯುತ್ತಿಲ್ಲ ಎಂದು ಹೇಳಿಕೊಂಡ.

ಗುರುಗಳು ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನಿಂದ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ತಪ್ಪು ಹೌದೋ ಅಲ್ಲವೋ ಆಮೇಲೆ ನೋಡೋಣ, ಮೊದಲು ಒಂದು ಕತೆ ಕೇಳು ಎಂದರು. ನಡುವೆ ಬಾಯಿ ಹಾಕಬಾರದು ಎಂದೂ ಹೇಳಿದರು, ಏಕೆಂದರೆ ಪಂಚಾಕ್ಷರಿಗೆ ಚಿಕ್ಕಂದಿನಿಂದ ಆ ಚಾಳಿ ಇತ್ತು. ಅವರು ಹೇಳಿದ ಕತೆ ಇದು.

ಒಂದು ಪಟ್ಟಣ. ಅದಕ್ಕೊಬ್ಬ ಪಾರುಪತ್ಯಗಾರ. ಊರಿನ ಬೀದಿ, ಚರಂಡಿ, ಕಂದಾಯ, ಜಗಳ ಎಲ್ಲವನ್ನೂ ನೋಡಿಕೊಳ್ಳುವ ಅಧಿಕಾರ ಅವನದು. ಕತೆಯಲ್ಲಿ ಅಧಿಕಾರಿ ಬಂದ ಕೂಡಲೇ ಅವನು ಲಂಚಕೋರನೇ ಇರಬೇಕು ಎಂದು ನೀನು ಎಣಿಸಬಹುದು. ಇವನು ಹಾಗಲ್ಲ. ಒಳ್ಳೆಯವನು. ಒಳ್ಳೆಯವನಾದ್ದರಿಂದಲೇ ಅವನ ಕತೆಯನ್ನು ನಿನಗೆ ಹೇಳುತ್ತಿದ್ದೇನೆ. ಕೆಟ್ಟವನ ಕತೆ ಹೇಳಿದ್ದರೆ ನೀನು ತಲೆದೂಗಿ, ಮಠದಲ್ಲಿ ಊಟ ಮುಗಿಸಿ, ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದೆ.

ಆ ಪಟ್ಟಣದ ದೊಡ್ಡ ಬೀದಿಯ ಎರಡೂ ಬದಿಗೆ ಜನ ಗೋಣಿತಾಟು ಹಾಸಿಕೊಂಡು ಮಾರಲು ಕೂರುತ್ತಿದ್ದರು. ಸೊಪ್ಪಿನವಳೊಬ್ಬಳು, ಅವಳ ಒಂದು ಮಗ್ಗುಲಿಗೆ ಬಾಚಣಿಗೆ ಮಾರುವವನು, ಇನ್ನೊಂದು ಮಗ್ಗುಲಿಗೆ ಬಳೆ ಮಾರುವವಳು, ಎದುರಿಗೆ ಕಡಲೆಪುರಿಯವನು. ಹೀಗೆ ಬೀದಿಯುದ್ದಕ್ಕೂ ಇದ್ದರು. ಯಾರಿಗೂ ಆ ಜಾಗ ಬರೆದುಕೊಟ್ಟದ್ದಲ್ಲ. ಆದರೆ ಯಾರ ಜಾಗ ಯಾವುದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬಾಣಂತನಕ್ಕೆ ಹೋದವಳ ಜಾಗವನ್ನು ಅಕ್ಕಪಕ್ಕದವರು ಅವಳು ಬರುವ ತನಕ ಖಾಲಿ ಬಿಟ್ಟು ಕಾಯುತ್ತಿದ್ದರು.

ಅವರಲ್ಲಿ ಬೋಣಿಯ ವಿಷಯದಲ್ಲಿ ಕಟ್ಟುನಿಟ್ಟು ಬಹಳ. ದಿನದ ಮೊದಲ ಮಾರಾಟವೇ ಬೋಣಿ. ಆ ದುಡ್ಡನ್ನು ಬುಟ್ಟಿಗೆ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ಆಮೇಲೆ ಸೆರಗಿಗೆ ಕಟ್ಟಿಕೊಳ್ಳುವರು. ಬೋಣಿಯಾಗುವ ಮೊದಲು ಕಡ ಕೊಡುವುದಿಲ್ಲ, ಎಲೆಅಡಿಕೆಯನ್ನೂ ಬಾಯಿಗೆ ಹಾಕುವುದಿಲ್ಲ. ಬೋಣಿಯ ಹೊತ್ತಿನಲ್ಲಿ ಇಲ್ಲ ಎಂಬ ಮಾತನ್ನು ಆಡಲೇಬಾರದು. ವ್ಯಾಪಾರ ಹೇಗೆ ಎಂದು ಯಾರು ಕೇಳಿದರೂ ನಡೆಯುತ್ತಿದೆ ಎನ್ನಬೇಕು. ಇಲ್ಲ ಎಂದರೆ ಆ ದಿನವೆಲ್ಲ ಇಲ್ಲವೇ ಆಗುತ್ತದೆ ಎಂಬ ನಂಬಿಕೆ. ಇನ್ನೂ ಒಂದು ರೂಢಿ ಇತ್ತು. ಬಿಸಿಲೇರುತ್ತ ಬಂದರೂ ಒಬ್ಬರಿಗೆ ಬೋಣಿಯಾಗದಿದ್ದರೆ, ಆಗಿರುವ ಪಕ್ಕದವರು ಎದ್ದು ಹೋಗಿ ಏನಾದರೊಂದನ್ನು ಕೊಂಡು ಬೋಣಿ ಮಾಡಿಸುವರು. ತುಂಬಿದ ಬೀದಿಯಲ್ಲಿ ಅಂಥ ಸಂದರ್ಭ ಬರುತ್ತಿದ್ದದ್ದು ಅಪರೂಪ.

ಈಗ ಸೊಪ್ಪಿನವಳ ವಿಷಯ. ಅವಳ ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಕಣ್ಣು ಕಾಣದ ಅತ್ತೆ ಮತ್ತು ಒಬ್ಬಳು ಮಗಳು. ಪಕ್ಕದ ಊರಿನ ದೊಡ್ಡ ಮನೆಯವರು ಆ ಹುಡುಗಿಯನ್ನು ಮಗು ಆಡಿಸಲು, ಮುಸುರೆ ತಿಕ್ಕಲು ಕಳುಹಿಸು ಎಂದು ಹೇಳಿಕಳುಹಿಸುತ್ತಲೇ ಇದ್ದರು. ಇವಳು ಆಗುವುದಿಲ್ಲ ಎನ್ನುತ್ತಲೇ ಇದ್ದಳು. ಚಿಕ್ಕಂದಿನಲ್ಲಿ ಅಂಥದ್ದೇ ಒಂದು ಮನೆಯಲ್ಲಿ ಇವಳೂ ದುಡಿದಿದ್ದಳು. ಹಸಿವಾದರೆ ಬೇರೆಯವರ ಮುಖ ನೋಡಿ ಕೇಳಬೇಕಾದ ಮನೆ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಮಗಳಿಗೆ ಅದು ಬೇಡ ಎಂದು ಹಟ ಹಿಡಿದಿದ್ದಳು. ಆ ಹಟವನ್ನು ನಡೆಸಿಕೊಂಡು ಬಂದದ್ದು ಅವಳ ಸೊಪ್ಪಿನ ಬುಟ್ಟಿ. ಬೆಳಿಗ್ಗೆ ತೋಟದವರಿಂದ ತಂದ ದಂಟು, ಕೀರೆ, ಮೆಂತ್ಯವೆಲ್ಲ ಬಿಸಿಲು ಏರುವುದರೊಳಗೆ ಖಾಲಿಯಾಗುತ್ತಿತ್ತು, ಮೂವರೂ ಎರಡು ಹೊತ್ತು ಉಣ್ಣುತ್ತಿದ್ದರು.

ಪಾರುಪತ್ಯಗಾರನಿಗೆ ಆ ಬೀದಿಯದೇ ತಲೆನೋವಾಗಿತ್ತು. ಗಾಡಿಗಳು ಸಿಕ್ಕಿಕೊಳ್ಳುತ್ತಿದ್ದವು, ಎತ್ತುಗಳು ಬೆದರುತ್ತಿದ್ದವು. ಒಂದು ಸಲ ಒಬ್ಬ ಮುದುಕ ಗಾಡಿಯ ಚಕ್ರಕ್ಕೆ ಸಿಕ್ಕಿ ಕಾಲು ಮುರಿದುಕೊಂಡ. ಅಂಗಡಿಯ ವರ್ತಕರು ಗುಂಪುಗೂಡಿ ಬಂದು ದೂರು ಕೊಟ್ಟರು. ಅವರ ದೂರಿನಲ್ಲಿ ಹೊಟ್ಟೆಕಿಚ್ಚು ಎಷ್ಟಿತ್ತೋ ಗೊತ್ತಿಲ್ಲ, ಆದರೆ ಮುದುಕನ ಕಾಲು ಮುರಿದದ್ದು ನಿಜ. ಪಾರುಪತ್ಯಗಾರ ಯೋಚಿಸಿದ. ಕೆರೆ ಏರಿಯ ಆಚೆಗೆ ಬಯಲು ಜಾಗವಿತ್ತು. ಅಲ್ಲಿ ಹೆಂಚಿನ ಸೂರು ಹಾಕಿಸಿದ, ಸಾಲಾಗಿ ಕಲ್ಲಿನ ಕಟ್ಟೆ ಕಟ್ಟಿಸಿದ, ಬಾವಿ ತೋಡಿಸಿದ. ಬೀದಿಯವರನ್ನು ಕರೆದು, ಮಳೆ ಬಿಸಿಲಿನಲ್ಲಿ ನೆಲದ ಮೇಲೆ ಕೂರುವ ಕಷ್ಟ ಇನ್ನು ನಿಮಗೆ ಬೇಡ, ಅಲ್ಲಿಗೆ ಹೋಗಿ ಎಂದ. ಒಲ್ಲೆ ಎನ್ನಲು ಅವರಿಗೂ ಕಾರಣ ಹೊಳೆಯಲಿಲ್ಲ. ಅಷ್ಟು ಒಳ್ಳೆಯ ಸೂರನ್ನು ಅವರ ಮನೆಗಳೂ ಕಂಡಿರಲಿಲ್ಲ.

ಎಬ್ಬಿಸಿದ ದಿನ ಒಂದು ಬುಟ್ಟಿಯೂ ಮಗುಚಬಾರದು ಎಂದು ಅವನು ತಳವಾರರಿಗೆ ತಾಕೀತು ಮಾಡಿದ್ದ. ತಳವಾರರು ಬುಟ್ಟಿಗಳನ್ನು ತಾವೇ ತಲೆಯ ಮೇಲೆ ಹೊತ್ತು ನಡೆದರು. ಸೊಪ್ಪಿನವಳು ಹುಟ್ಟಿದಂದಿನಿಂದ ಮೊದಲ ಸಲ ಕೈಬೀಸಿಕೊಂಡು ತನ್ನ ಬುಟ್ಟಿಯ ಹಿಂದೆ ನಡೆದಳು. ಮದುವೆಯ ದಿಬ್ಬಣ ಹೋದ ಹಾಗಿತ್ತು ಎಂದು ನೋಡಿದವರು ಹೇಳಿದರು.

ಮೊದಲ ದಿನ ಕೆರೆಯಾಚೆಗೆ ಯಾರೂ ಬರಲಿಲ್ಲ. ಹೊಸ ಜಾಗ, ಜನಕ್ಕೆ ಗೊತ್ತಾಗಿಲ್ಲ ಎಂದುಕೊಂಡರು. ಮರುದಿನ ಹೊಲಕ್ಕೆ ಹೋಗುತ್ತಿದ್ದವರು ಕೆಲವರು ಇಣುಕಿ ನೋಡಿ ಹೋದರು. ಗೊತ್ತಾಗಲಿಲ್ಲ ಎಂಬುದು ಕಾರಣವಾಗಿರಲಿಲ್ಲ, ಪಂಚಾಕ್ಷರಿ. ಊರಿಗೆಲ್ಲ ಡಂಗುರ ಹೊಡೆಸಿದ್ದರು. ಸೊಪ್ಪು ಕೊಳ್ಳಲೆಂದೇ ಯಾರೂ ಮನೆಯಿಂದ ಹೊರಡುವುದಿಲ್ಲ. ಗುಡಿಗೋ ಕೆಲಸಕ್ಕೋ ನೆಂಟರ ಮನೆಗೋ ಹೋಗಿ ಬರುವಾಗ ಎಳೆಯ ದಂಟು ಕಣ್ಣಿಗೆ ಬೀಳುತ್ತದೆ, ಇವತ್ತು ಹುಳಿಗೆ ಇದನ್ನೇ ಹಾಕೋಣ ಎನ್ನಿಸುತ್ತದೆ, ಕೊಳ್ಳುತ್ತಾರೆ. ಕಾಣದಿದ್ದರೆ ಮನೆಯಲ್ಲಿರುವ ಬೇಳೆಯಿಂದಲೇ ಸಾರು ಮಾಡಿಕೊಳ್ಳುತ್ತಾರೆ. ಬಾಚಣಿಗೆಯೂ ಅಷ್ಟೆ, ಬಳೆಯೂ ಅಷ್ಟೆ. ಕಡಲೆಪುರಿಯಂತೂ ಮಗು ಬೀದಿಯಲ್ಲಿ ಕಂಡು ಹಟ ಮಾಡಿದರೆ ಮಾತ್ರ ಮಾರುವ ಪದಾರ್ಥ.

ಗಿರಾಕಿ ಬಾರದಿದ್ದರೂ ಬೋಣಿ ಆಗಬೇಕಲ್ಲ. ಮೊದಲ ದಿನ ಬಳೆಯವಳು ಎದ್ದು ಬಂದು ಒಂದು ಕಂತೆ ಸೊಪ್ಪು ಕೊಂಡಳು. ಸೊಪ್ಪಿನವಳು ಆ ದುಡ್ಡನ್ನು ಕಣ್ಣಿಗೊತ್ತಿಕೊಂಡು, ಅದೇ ದುಡ್ಡಿನಿಂದ ಒಂದು ಬಾಚಣಿಗೆ ಕೊಂಡಳು. ಬಾಚಣಿಗೆಯವನು ಪುರಿ ಕೊಂಡ. ಪುರಿಯವನು ಹೆಂಡತಿಗೆಂದು ಬಳೆ ಕೊಂಡ. ಎಲ್ಲರಿಗೂ ಬೋಣಿಯಾಯಿತು. ಮರುದಿನವೂ ಹಾಗೆಯೇ. ಆಮೇಲೆ ಅದೇ ಪದ್ಧತಿಯಾಯಿತು. ಬೆಳಗಾದರೆ ಕಟ್ಟೆಯಿಂದ ಕಟ್ಟೆಗೆ ಓಡಾಟ, ಆರಿಸುವುದು, ತೂಗಿ ನೋಡುವುದು, ಬೋಣಿಯ ಹೊತ್ತು ಚೌಕಾಸಿ ಬೇಡ ಎಂದು ನಗುವುದು. ಒಬ್ಬರಿಗೂ ಬೋಣಿ ತಪ್ಪದಂತೆ ಅವರು ನೋಡಿಕೊಂಡರು. ಇದರಲ್ಲಿ ಮೋಸವೇನೂ ಇರಲಿಲ್ಲ. ಒಬ್ಬರ ಮುಖ ಇನ್ನೊಬ್ಬರು ಬಾಡಲು ಬಿಡಲಿಲ್ಲ, ಅಷ್ಟೆ. ಕೆಲವೇ ದಿನಗಳಲ್ಲಿ ಸೊಪ್ಪಿನವಳ ಮನೆಯ ಗೂಡಿನ ತುಂಬ ಬಾಚಣಿಗೆಗಳಾದವು, ಹಿಟ್ಟಿನ ಮಡಕೆ ಮಾತ್ರ ತಳ ಕಂಡಿತು.

ಪಾರುಪತ್ಯಗಾರನಿಗೆ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುವ ಅಭ್ಯಾಸ. ಜನರನ್ನು ಎಬ್ಬಿಸಿ ಮರೆತುಬಿಡುವ ಪೈಕಿ ಅವನಲ್ಲ, ಆದ್ದರಿಂದ ದಿನವೂ ಕಟ್ಟೆಗಳ ಕಡೆಗೆ ಬಂದು ನೋಡುವನು. ನೋಡಿದರೆ ಪ್ರತಿ ಕಟ್ಟೆಯ ಮುಂದೆಯೂ ಒಬ್ಬರು ನಿಂತು ಕೊಳ್ಳುತ್ತಿದ್ದಾರೆ. ಮಾರುವವರು ದುಡ್ಡನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಾರೆ. ವ್ಯಾಪಾರ ಹೇಗೆ ಎಂದು ಕೇಳಿದರೆ, ನಡೆಯುತ್ತಿದೆ ಸ್ವಾಮಿ, ನಿಮ್ಮ ದಯೆ ಎನ್ನುವರು. ನಿಂತವರ ಮುಖವನ್ನೂ ಕೂತವರ ಮುಖವನ್ನೂ ಅವನು ಸರಿಯಾಗಿ ನೋಡಿದ್ದರೆ ಎಲ್ಲವೂ ತಿಳಿಯುತ್ತಿತ್ತು. ಆದರೆ ಅವರು ಬೀದಿಯಲ್ಲಿ ಇದ್ದಾಗಲೂ ಅವನು ಒಬ್ಬೊಬ್ಬರಾಗಿ ನೋಡಿದವನಲ್ಲ. ಮಾರುವವರು ಎಂದು ಒಟ್ಟಾಗಿ ನೋಡಿದವನು. ಅವನು ಸಂತೋಷದಿಂದ ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದ. ಊರಿನಲ್ಲಿ ಯಾರಾದರೂ ಗೊಣಗಿದರೆ, ನಾನೇ ಕಣ್ಣಾರೆ ಕಂಡಿದ್ದೇನೆ ಎನ್ನುತ್ತಿದ್ದ.

ಬಾಚಣಿಗೆಯವನು ಮೊದಲು ಬಿಟ್ಟುಹೋದ. ಕಲ್ಲುಕ್ವಾರಿಯಲ್ಲಿ ಕೆಲಸವಿದೆ ಎಂದು ಯಾರೋ ಹೇಳಿದ್ದರು. ಉಳಿದವರು ಬೋಣಿಯ ಸರದಿಯನ್ನು ಬದಲಾಯಿಸಿಕೊಂಡು ನಡೆಸಿದರು. ಸೊಪ್ಪಿನವಳು ಒಂದು ದಿನ ಧೈರ್ಯ ಮಾಡಿ ಬುಟ್ಟಿ ಹೊತ್ತು ದೊಡ್ಡ ಬೀದಿಗೆ ಹೋದಳು. ಗೋಣಿತಾಟು ಬಿಚ್ಚುವುದರೊಳಗೆ ತಳವಾರ ಬಂದ. ಅವನು ಬೈಯಲಿಲ್ಲ, ಗದರಲಿಲ್ಲ. ಪಾರುಪತ್ಯಗಾರನ ಅಪ್ಪಣೆ ಇದ್ದ ಹಾಗೆಯೇ ಮರ್ಯಾದೆಯಿಂದ ಬುಟ್ಟಿಯನ್ನು ತಾನೇ ಹೊತ್ತು ಕೆರೆಯಾಚೆಗೆ ಬಿಟ್ಟುಬಂದ. ಅಷ್ಟರಲ್ಲಿ ಬಿಸಿಲೇರಿ ಸೊಪ್ಪು ಬಾಡಿತ್ತು. ಬೈದಿದ್ದರೆ ಅವಳು ತಿರುಗಿ ಬೈದು ಹಗುರಾಗುತ್ತಿದ್ದಳೋ ಏನೋ.

ಮಡಕೆಯಲ್ಲಿ ಹಿಟ್ಟು ಮುಗಿಯಿತು. ಅತ್ತೆ ಹಸಿವಿಲ್ಲ ಎನ್ನತೊಡಗಿದಳು. ಆ ಮಾತು ಸುಳ್ಳೆಂದು ಸೊಸೆಗೂ ಗೊತ್ತು, ಮೊಮ್ಮಗಳಿಗೂ ಗೊತ್ತು. ದೊಡ್ಡ ಮನೆಯವರು ಮತ್ತೆ ಹೇಳಿಕಳುಹಿಸಿದಾಗ ಸೊಪ್ಪಿನವಳು ಈ ಸಲ ಆಯಿತು ಎಂದಳು. ಮಗಳ ಗಂಟಿಗೆ ಕಟ್ಟಿಕೊಡಲು ಮನೆಯಲ್ಲಿ ಏನಿತ್ತು? ಬೋಣಿಗೆಂದು ಕೊಂಡ ಬಾಚಣಿಗೆಗಳಿದ್ದವು, ಬಳೆಗಳಿದ್ದವು. ಬಾಚಣಿಗೆಗಳನ್ನು ಗಂಟಿಗೆ ಹಾಕಿದಳು, ಬಳೆಗಳನ್ನು ಮಗಳ ಕೈ ತುಂಬ ತೊಡಿಸಿದಳು. ಮುಸುರೆ ತಿಕ್ಕಲು ಹೊರಟ ಹುಡುಗಿ ಮದುವಣಗಿತ್ತಿಯ ಹಾಗೆ ಗಾಡಿ ಹತ್ತಿದಳು. ಗಾಡಿ ದೊಡ್ಡ ಬೀದಿಯಲ್ಲೇ ಹೋಯಿತು. ಪಾರುಪತ್ಯಗಾರ ಅಲ್ಲೇ ನಿಂತಿದ್ದ. ಗಾಡಿ ಎಲ್ಲಿಯೂ ತಡೆಯದೆ ಸರಾಗವಾಗಿ ಬೀದಿ ದಾಟಿದ್ದನ್ನು ನೋಡಿ ಅವನಿಗೆ ತೃಪ್ತಿಯಾಯಿತು.

ಇಲ್ಲಿ ಗುರುಗಳು ಬೀಜ ಬಿಡಿಸುವ ಕೈ ನಿಲ್ಲಿಸಿದರು. ಈ ಹುಡುಗಿಯ ವಿಷಯ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ ಎಂದರು. ಮತ್ತೆ ಮುಂದುವರಿಸಿದರು.

ಆಮೇಲೊಂದು ದಿನ ಪಾರುಪತ್ಯಗಾರ ಬೇರೆ ಊರಿಗೆ ಹೋಗಿ ಬರುತ್ತಿದ್ದ. ಕೆರೆಯ ಹತ್ತಿರ ಅವನ ಗಾಡಿಯ ಅಚ್ಚು ಮುರಿಯಿತು. ಸುಡುವ ಮಧ್ಯಾಹ್ನ. ಗಾಡಿ ಸರಿಹೋಗುವ ತನಕ ನೆರಳಿನಲ್ಲಿ ಕೂರೋಣ ಎಂದು ತಾನೇ ಕಟ್ಟಿಸಿದ ಸೂರಿನ ಕೆಳಗೆ ಬಂದ. ಅಲ್ಲಿ ಪಟ್ಟಣದ ಮೇಕೆಗಳೆಲ್ಲ ಸೇರಿದ್ದವು. ಬಾಡಿದ ಸೊಪ್ಪನ್ನು ಯಾರ ಹೆದರಿಕೆಯೂ ಇಲ್ಲದೆ ಮೇಯುತ್ತಿದ್ದವು. ಮಾರುವವರು ಕಟ್ಟೆಯ ಮೇಲೆ ಮೈಚಾಚಿ ಮಲಗಿದ್ದರು. ಅರ್ಧಕ್ಕರ್ಧ ಕಟ್ಟೆಗಳು ಖಾಲಿ. ಸೊಪ್ಪಿನವಳು ಮಾತ್ರ ಎದ್ದು ಕೂತಿದ್ದಳು. ಮೇಕೆಗಳನ್ನು ಓಡಿಸುವ ಮನಸ್ಸೂ ಅವಳಿಗಿರಲಿಲ್ಲ.

ಅವನು ಬೆರಗಾಗಿ ಕೇಳಿದ. "ಬೆಳಿಗ್ಗೆ ಅಷ್ಟೊಂದು ವ್ಯಾಪಾರ ಇರುತ್ತಲ್ಲಮ್ಮ, ಕೊಳ್ಳುವವರೆಲ್ಲ ಎಲ್ಲಿ ಹೋದರು?"

"ಎಲ್ಲೂ ಹೋಗಿಲ್ಲ ಸ್ವಾಮಿ, ಇಲ್ಲೇ ಮಲಗವ್ರೆ" ಎಂದಳು ಸೊಪ್ಪಿನವಳು. "ಬೆಳಿಗ್ಗೆ ನೀವು ನೋಡೋದು ವ್ಯಾಪಾರ ಅಲ್ಲ, ನಮ್ಮ ನಮ್ಮೊಳಗೇ ಬೋಣಿ ಮಾಡ್ಕೊಳ್ಳೋದು."

ದಿನವೂ ಕೇಳುತ್ತಿದ್ದೆನಲ್ಲ, ಒಮ್ಮೆಯಾದರೂ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

"ಬೋಣಿ ಹೊತ್ತಲ್ಲಿ ಇಲ್ಲ ಅನ್ನಬಾರ್ದು ಸ್ವಾಮಿ. ನೀವು ಬರೋದೇ ಆ ಹೊತ್ತಿಗೆ."

ಮನೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಅವನು ವಿಚಾರಿಸಿದ. ಇದನ್ನೂ ಅವನು ಮೊದಲ ಸಲ ಕೇಳಿದ್ದು. ಅವಳು ಅತ್ತೆಯ ವಿಷಯ ಹೇಳಿದಳು, ಮಗಳ ವಿಷಯ ಹೇಳಿದಳು, ಗಾಡಿ ಯಾವಾಗ ಹೋಯಿತೆಂದು ಹೇಳಿದಳು. ಕೈ ತುಂಬ ಬಳೆ ತೊಟ್ಟ ಹುಡುಗಿ ಅವನ ನೆನಪಿನಲ್ಲಿದ್ದಳು. ಅವನು ಎದ್ದು ಬಿಸಿಲಿನಲ್ಲಿ ನಡೆದುಕೊಂಡೇ ಊರಿಗೆ ಹೋದ. ಆ ದಿನ ಅವನಿಗೆ ಊಟ ಸೇರಲಿಲ್ಲ.

ಮರುದಿನ ಅವನು ವರ್ತಕರನ್ನು ಕರೆಸಿದ. ಇನ್ನು ಮೇಲೆ ಬೆಳಗಿನ ಹೊತ್ತು ದೊಡ್ಡ ಬೀದಿ ನೆಲದ ಮೇಲೆ ಮಾರುವವರದು, ಗಾಡಿಗಳು ಮಧ್ಯಾಹ್ನದ ಮೇಲೆ ಬರಲಿ ಎಂದ. ವರ್ತಕರು ಕೂಗಾಡಿದರು. ಒಮ್ಮೆ ಕೊಟ್ಟ ಅಪ್ಪಣೆಯನ್ನು ತಾನೇ ಹಿಂದೆ ತೆಗೆದುಕೊಂಡರೆ ಮಾನ ಉಳಿಯುವುದಿಲ್ಲ ಎಂದು ಹೆದರಿಸಿದರು. ಮಾನ ಹೋಗಲಿ ಎಂದ ಅವನು. ಒಳ್ಳೆಯವನು ಎಂದು ನಾನು ಸುಮ್ಮನೆ ಹೇಳಲಿಲ್ಲ. ತಳವಾರರು ಬುಟ್ಟಿಗಳನ್ನು ಹೊರಲು ಬಂದರು. ಈ ಸಲ ಯಾರೂ ಕೊಡಲಿಲ್ಲ. ತಮ್ಮ ಬುಟ್ಟಿಯನ್ನು ತಾವೇ ಹೊತ್ತು ಬೀದಿಗೆ ನಡೆದರು. ಸೊಪ್ಪಿನವಳು ತನ್ನ ಜಾಗದಲ್ಲಿ ಗೋಣಿತಾಟು ಹಾಸಿದಳು. ಗುಡಿಯಿಂದ ಬರುತ್ತಿದ್ದ ಹೆಂಗಸೊಬ್ಬಳು, ಎಲ್ಲಿ ಹೋಗಿದ್ದೆ ಇಷ್ಟು ದಿನ ಎಂದು ಗದರಿ, ಎರಡು ಕಂತೆ ದಂಟು ಕೊಂಡಳು. ಬಿಸಿಲೇರುವ ಮೊದಲೇ ಬುಟ್ಟಿ ಬರಿದಾಯಿತು.

ಬೀದಿ ತಿರುಗಿ ಬಂತು. ಆದರೆ ಅದರ ಜೊತೆಗೆ ಎಲ್ಲವೂ ತಿರುಗಿ ಬರಲಿಲ್ಲ. ಬಾಚಣಿಗೆಯವನು ಕ್ವಾರಿಯಲ್ಲಿ ಕೈಯ ಮೇಲೆ ಕಲ್ಲು ಬೀಳಿಸಿಕೊಂಡಿದ್ದ, ಅವನು ಬರಲಿಲ್ಲ. ಸೊಪ್ಪಿನವಳು ಅವತ್ತೇ ಮಗಳನ್ನು ಕರೆತರಲು ಹೋದಳು. ದೊಡ್ಡ ಮನೆಯವರು, ನಮ್ಮ ಮಗುವಿಗೆ ಅವಳೇ ರೂಢಿಯಾಗಿದ್ದಾಳೆ, ಅದು ನಡೆಯಲು ಕಲಿಯುವ ತನಕ ಬಿಡುವುದಿಲ್ಲ ಎಂದರು. ಬಡವರು ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲವಲ್ಲ. ಹುಡುಗಿ ಮನೆಗೆ ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆದಿತ್ತು. ತಾಯಿಗಿಂತ ಎತ್ತರವಾಗಿದ್ದಳು. ಹಸಿವಾದರೂ ಕೇಳದೆ ಗೋಡೆಗೊರಗಿ ಕೂರುವುದನ್ನು ಕಲಿತಿದ್ದಳು. ಅದನ್ನು ಬಿಡಿಸಲು ತಾಯಿಗೆ ಬಹಳ ಕಾಲ ಹಿಡಿಯಿತು. ಬಿಡಿಸಿದಳು ಎನ್ನು, ಅವಳು ಸೋಲುವ ಹೆಂಗಸಲ್ಲ. ಈಗ ಆ ಬುಟ್ಟಿಯ ಹಿಂದೆ ತಾಯಿ ಮಗಳು ಇಬ್ಬರೂ ಕೂರುತ್ತಾರೆ, ಬಾಚಣಿಗೆಯವನ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಾರೆ.

ಗುರುಗಳು ಕತೆ ಮುಗಿಸಿ ಹುಣಸೆಬೀಜಗಳನ್ನು ಒಂದು ಕಡೆಗೆ ಒತ್ತರಿಸಿದರು. ಪಂಚಾಕ್ಷರಿಯ ಮುಖದಲ್ಲಿ ಗೆಲುವು ಕಾಣಿಸಿತು. ದಾರಿ ಸಿಕ್ಕಿತೆಂದು ಅವನಿಗೆ ಅನ್ನಿಸಿತ್ತು. ಹಾಗಾದರೆ ನಾಳೆ ಮಧ್ಯಾಹ್ನವೇ ಹೊಸ ಮಾರುಕಟ್ಟೆಗೆ ಹೋಗುತ್ತೇನೆ, ಮುಂಚಿತವಾಗಿ ಯಾರಿಗೂ ತಿಳಿಸುವುದಿಲ್ಲ, ಅವರ ಸ್ಥಿತಿ ನಿಜವಾಗಿ ಹೇಗಿದೆ ಎಂದು ಒಬ್ಬೊಬ್ಬರನ್ನೇ ವಿಚಾರಿಸಿ ಬರುತ್ತೇನೆ ಎಂದ. ಜೊತೆಗೆ ಇಬ್ಬರು ಸಿಬ್ಬಂದಿಯನ್ನೂ ಕರೆದುಕೊಂಡು ಹೋಗುವುದಾಗಿ ಹೇಳಿದ.

"ಅಷ್ಟು ದೂರ ಯಾಕೆ ಹೋಗುತ್ತೀಯೆ ಪಂಚಾಕ್ಷರಿ, ಅವರನ್ನು ಎಬ್ಬಿಸಿದ ಮೇಲೆ ನಿನ್ನ ಮನೆಗೆ ಸೊಪ್ಪು ಎಲ್ಲಿಂದ ಬರುತ್ತಿದೆ ಹೇಳು" ಎಂದರು ಗುರುಗಳು.

ಪಂಚಾಕ್ಷರಿ ಆ ದಿನದಿಂದ ಮನೆಯಲ್ಲಿ ಉಂಡದ್ದನ್ನು ನೆನೆಸಿಕೊಂಡ, ದಿನವೂ ಬೇಳೆಯ ಸಾರೇ ಆಗಿತ್ತು.